ಒಡೆಯದೆ ಒಳಗು ಕಾಣದು: ವೀರ್ಯಾಣು ಆಯ್ಕೆಯ ಮಾತು

(ಆಲುವದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ಪಂಪನೋ ಕುಮಾರವ್ಯಾಸನೋ ವಚನಕಾರರೋ ಇರಬೇಕೆಂಬುದು ವಾಡಿಕೆ. ವೀರ್ಯಾಣುವಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಮಂತ್ರಣ ಪತ್ರಿಕೆಯಲ್ಲಿ ಹೇಗೆ ಹಾಕಿಸೋದು ಸಾರ್?" ಎಂದು ಕೇಳಿದರು. ಇದ್ದ ಹಾಗೇ ಹಾಕಿಸಿ ಎಂದೆ, ಹಾಕಿಸಿದ್ದಾರೆ. ಆ ಧೈರ್ಯಕ್ಕೆ ಮೊದಲ ವಂದನೆ.

ಈ ವಿಷಯ ಎತ್ತಿಕೊಳ್ಳಲು ಕಾರಣ ಒಂದು ಬಗೆಯ ಕಾಗದ. ತಿರುವನಂತಪುರದಿಂದ ಕೊಚ್ಚಿ, ಮಂಗಳೂರು, ಬೆಂಗಳೂರಿನವರೆಗೆ ಐವಿಎಫ್ ಕೇಂದ್ರದ ಬೋರ್ಡು ಇಲ್ಲದ ದೊಡ್ಡ ಪೇಟೆ ಈಗ ಸಿಗುವುದಿಲ್ಲ. ಅಲ್ಲಿಗೆ ಹೋದ ದಂಪತಿಗಳ ಕೈಗೆ ಖರ್ಚಿನ ಅಂದಾಜುಪಟ್ಟಿ ಬರುತ್ತದೆ. ಔಷಧ, ಅಂಡಾಣು ತೆಗೆಯುವುದು, ಇಕ್ಸಿ, ಭ್ರೂಣ ಶೀತದಲ್ಲಿ ಕಾದಿಡುವುದು ಎಲ್ಲ ಮುಗಿದ ಮೇಲೆ, ಕೆಳಗೆ ಇನ್ನಷ್ಟು ಸಾಲುಗಳು: ಪಿಕ್ಸಿ, ಇಮ್ಸಿ, ಮ್ಯಾಕ್ಸ್, ಮೈಕ್ರೋಫ್ಲುಯಿಡಿಕ್ ಚಿಪ್. ಪ್ರತಿಯೊಂದರ ಮುಂದೆ ಒಂದು ಮೊತ್ತ. ಎಲ್ಲವೂ 'ಒಳ್ಳೆಯ ವೀರ್ಯಾಣು ಆರಿಸುವ' ವಿಧಾನಗಳು. ಗಂಡ ಹೆಂಡತಿ ಆ ಕಾಗದ ಹಿಡಿದು ಕೇಳುವ ಪ್ರಶ್ನೆ ಒಂದೇ: "ಇದನ್ನೂ ಮಾಡಿಸಿದರೆ ಒಳ್ಳೆಯದಲ್ವಾ?" ವರ್ಷಗಟ್ಟಲೆ ಆಂಡ್ರಾಲಜಿ, ಅಂದರೆ ವೀರ್ಯ ಪರೀಕ್ಷೆಯ ಲ್ಯಾಬಿನಲ್ಲಿ ನಿಂತು ಸ್ಯಾಂಪಲ್ ತೊಳೆದವನು ನಾನು. ಆ ಪ್ರಶ್ನೆಗೆ ಐದು ನಿಮಿಷದಲ್ಲಿ ಉತ್ತರ ಹೇಳಲು ನನಗೆ ಎಂದೂ ಆಗಿಲ್ಲ. ಇವತ್ತು ಒಂದು ಗಂಟೆ ಕೊಟ್ಟಿದ್ದೀರಿ.

ಮೊದಲು ದೇಹ ಹೇಗೆ ಆರಿಸುತ್ತದೆ ನೋಡೋಣ. ವೀರ್ಯ ಪರೀಕ್ಷೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಲ್ಯಾಬ್ ಕೈಪಿಡಿಯ ಆರನೆಯ ಆವೃತ್ತಿ 2021ರಲ್ಲಿ ಬಂತು. ಅದರ ಕೆಳಮಿತಿ ಹೀಗಿದೆ: ಪ್ರಮಾಣ 1.4 ಮಿಲಿಲೀಟರ್, ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಮುಂದಕ್ಕೆ ಈಜುವವು ಶೇಕಡಾ 30, ಸರಿಯಾದ ಆಕಾರದವು ಶೇಕಡಾ 4. ಈ ಶೇಕಡಾ ನಾಲ್ಕನ್ನು ನೋಡಿ ಎಷ್ಟು ಗಂಡಸರು ಬೆವರಿದ್ದಾರೋ! ನೂರರಲ್ಲಿ ತೊಂಬತ್ತಾರು ವಕ್ರವೇ ಎಂದು ಕುಸಿದು ಕೂರುತ್ತಾರೆ. ಸಹಜವಾಗಿ ಮಕ್ಕಳಾದ ಗಂಡಸರನ್ನೇ ಪರೀಕ್ಷಿಸಿ, ಅವರಲ್ಲಿ ಅತಿ ಕೆಳಗಿನ ಶೇಕಡಾ 5 ಜನ ಎಲ್ಲಿ ಬರುತ್ತಾರೋ ಅಲ್ಲಿ ಎಳೆದ ಗೆರೆ ಅದು. ಮನುಷ್ಯನ ವೀರ್ಯದಲ್ಲಿ ಬಹುಪಾಲು ಡೊಂಕು ತಲೆಯವೇ, ಜೋಡಿ ಬಾಲದವೇ. ನಮ್ಮ ಜಾತಿಯ ಪ್ರಾಣಿಯ ಗುಣ ಅದು.

ಆ ಕೋಟಿಗಳಲ್ಲಿ ಅಂಡಾಣು ಇರುವ ನಾಳದ ತುದಿಯವರೆಗೆ ತಲುಪುವುದು ಕೆಲವು ನೂರು ಮಾತ್ರ. ಗರ್ಭಕೊರಳಿನ ಲೋಳೆಯಲ್ಲಿ ಈಜಲಾರದವು ಅಲ್ಲೇ ಉಳಿಯುತ್ತವೆ. ನಾಳದೊಳಗೆ ಮಾಗಬೇಕು, ಎದುರು ಹರಿವಿಗೆ ಈಜಬೇಕು. ಅಂಡಾಣುವಿನ ಸುತ್ತ ಹಯಲುರೋನಿಕ್ ಆಮ್ಲದ ಅಂಟಿನಲ್ಲಿ ಹುದುಗಿದ ಕೋಶಗಳ ಮೋಡ, ಅದರಾಚೆ ಗಟ್ಟಿ ಕವಚ. ಇಷ್ಟೆಲ್ಲ ದಾಟಿದ್ದು ಒಂದು. ಇಲ್ಲಿ ಯಾರೂ ಕುಳಿತು ಆರಿಸುತ್ತಿಲ್ಲ. ದಾರಿಯೇ ಆರಿಸುತ್ತದೆ.

ಲ್ಯಾಬಿನಲ್ಲಿ ಆ ದಾರಿಯಿಲ್ಲ. ಇರುವುದು ಒಂದು ಡಬ್ಬಿ ಮತ್ತು ಗಡಿಯಾರ. ಸ್ಯಾಂಪಲ್ ಬಂದ ಮೇಲೆ ಮೈಬಿಸಿಯಲ್ಲಿ ಅರ್ಧ ಗಂಟೆ ಇಟ್ಟರೆ ಹೆಪ್ಪಿನಂತಿದ್ದದ್ದು ನೀರಾಗುತ್ತದೆ. ಮೊನೆಯಾದ ಟ್ಯೂಬಿನ ತಳಕ್ಕೆ ಸಿಲಿಕಾ ಕಣಗಳ ಶೇಕಡಾ 80ರ ದ್ರಾವಣ, ಅದರ ಮೇಲೆ ಕಲಕದಂತೆ ಶೇಕಡಾ 40ರದ್ದು, ಅದರ ಮೇಲೆ ವೀರ್ಯ. ಕೈ ನಡುಗಿದರೆ ಪದರಗಳು ಬೆರೆತುಹೋಗುತ್ತವೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಮೊದಲು ಕಲಿಸುವುದೇ ಪೈಪೆಟ್ಟನ್ನು ಟ್ಯೂಬಿನ ಗೋಡೆಗೆ ಒರಗಿಸಿ ಹನಿ ಹನಿಯಾಗಿ ಬಿಡುವುದನ್ನು. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಹದವಾಗಿ ಸುಮಾರು ಇಪ್ಪತ್ತು ನಿಮಿಷ ತಿರುಗಿಸಬೇಕು. ಒಳಗಿನ ಡಿಎನ್‌ಎ ಗಟ್ಟಿಯಾಗಿ ಸುತ್ತಿಕೊಂಡ, ತೂಕದ ವೀರ್ಯಾಣುಗಳು ತಳಕ್ಕೆ ಇಳಿಯುತ್ತವೆ. ಸತ್ತವು, ಬಿಳಿ ರಕ್ತಕಣ, ಕಸಕಡ್ಡಿ ಎಲ್ಲ ಮೇಲಿನ ಪದರಗಳಲ್ಲಿ ಸಿಕ್ಕಿಬೀಳುತ್ತವೆ. ಇನ್ನೊಂದು ಹಳೆಯ ವಿಧಾನ ಇನ್ನೂ ಸರಳ: ಸ್ಯಾಂಪಲಿನ ಮೇಲೆ ಪೋಷಕ ದ್ರಾವಣ ಹಾಕಿ, ಟ್ಯೂಬನ್ನು ವಾಲಿಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಬಿಡುವುದು. ಈಜಬಲ್ಲವು ತಾವೇ ಮೇಲೆ ಬರುತ್ತವೆ. ಇವೆರಡೂ ದಶಕಗಳಿಂದ ಇವೆ. ಇವತ್ತಿಗೂ ಬಹುಪಾಲು ಕೆಲಸ ನಡೆಯುವುದು ಇವುಗಳಿಂದಲೇ, ಬಿಲ್ಲಿನಲ್ಲಿ ಇವಕ್ಕೆ ಬೇರೆ ಸಾಲೂ ಇರುವುದಿಲ್ಲ.

ಅಂಡಾಣುವಿನ ಸುತ್ತ ಸಾವಿರಾರು ವೀರ್ಯಾಣು ಬಿಟ್ಟು ಒಂದು ರಾತ್ರಿ ಕಾಯುವುದು ಹಳೆಯ ಐವಿಎಫ್. 1978ರಲ್ಲಿ ಇಂಗ್ಲೆಂಡಿನ ಲೂಯಿಸ್ ಬ್ರೌನ್ ಹುಟ್ಟಿದ್ದು ಹಾಗೆ. ಅಲ್ಲಿ ಕೊನೆಯ ಆಯ್ಕೆ ಅಂಡಾಣುವಿನದೇ. 1992ರಲ್ಲಿ ಬ್ರಸೆಲ್ಸ್‌ನ ಪಲೆರ್ಮೊ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಕ್ಸಿ ವಿಧಾನವನ್ನು ಪ್ರಕಟಿಸಿದರು: ಒಂದೇ ವೀರ್ಯಾಣುವನ್ನು ಗಾಜಿನ ಸೂಜಿಯಲ್ಲಿ ಹಿಡಿದು ಅಂಡಾಣುವಿನ ಒಡಲಿಗೇ ಚುಚ್ಚುವುದು. ಕೌಂಟು ತೀರಾ ಕಡಿಮೆ ಇದ್ದ ಗಂಡಸರಿಗೆ ಅದು ನಿಜಕ್ಕೂ ಹೊಸ ಬಾಗಿಲು. ಅಲ್ಲಿಯವರೆಗೆ ದಾನಿಯ ವೀರ್ಯವೇ ಗತಿ ಎನ್ನಿಸಿಕೊಂಡಿದ್ದವರು ತಮ್ಮದೇ ಮಗುವಿನ ತಂದೆಯರಾದರು. ಆದರೆ ಅದೇ ದಿನ ಲೋಳೆ, ಹರಿವು, ಮೋಡ, ಕವಚ, ಅಂಡಾಣುವಿನ ಆಯ್ಕೆ ಎಲ್ಲವೂ ಒಟ್ಟಿಗೆ ಮಾಯವಾದವು. ಆ ಜಾಗಕ್ಕೆ ಬಂದದ್ದು ಸೂಕ್ಷ್ಮದರ್ಶಕದ ಮುಂದೆ ಕೂತ ಭ್ರೂಣತಜ್ಞರ ಕಣ್ಣು.

ಆ ಕಣ್ಣಿಗೆ ಕಾಣುವುದು ಏನು? ತಟ್ಟೆಯಲ್ಲಿ ಒಂದು ಮಂದ ದ್ರಾವಣದ ಹನಿ, ಈಜುವ ವೇಗ ತಗ್ಗಲೆಂದು. ಅದರಂಚಿಗೆ ಬಂದು ಸುಳಿಯುವ ವೀರ್ಯಾಣುಗಳು. ನೇರ ಈಜುತ್ತಿದೆಯೇ, ತಲೆ ಮೊಟ್ಟೆಯಾಕಾರದಲ್ಲಿದೆಯೇ, ಕುತ್ತಿಗೆ ಬಾಗಿಲ್ಲವೇ ಎಂದು ನೋಡಿ, ಸೂಜಿಯಿಂದ ಬಾಲವನ್ನು ತಟ್ಟೆಗೆ ಒತ್ತಿ ಅಲ್ಲಾಡದಂತೆ ಮಾಡಿ, ಬಾಲದ ಕಡೆಯಿಂದ ಎಳೆದುಕೊಳ್ಳುವುದು. ಒಂದು ಅಂಡಾಣುವಿಗೆ ಕೆಲವು ಸೆಕೆಂಡು. ಹತ್ತು ಹನ್ನೆರಡು ಅಂಡಾಣು ಇದ್ದರೆ ಅಷ್ಟೇ ಸಲ. ಇನ್ನು ಬಾಲವೇ ಅಲ್ಲಾಡದ ವೀರ್ಯಾಣುಗಳಾದರೆ ಬದುಕಿರುವುದು ಯಾವುದು ಎಂದು ತಿಳಿಯಲು ಒಂದು ಚಂದದ ಉಪಾಯವಿದೆ. ತೆಳು ಉಪ್ಪುನೀರಿನಂಥ ದ್ರಾವಣಕ್ಕೆ ಬಿಟ್ಟರೆ ಜೀವವಿದ್ದದ್ದು ನೀರು ಹೀರಿ ಬಾಲವನ್ನು ಸುರುಳಿ ಸುತ್ತುತ್ತದೆ, ಸತ್ತದ್ದು ನೆಟ್ಟಗೇ ಇರುತ್ತದೆ. ಖರ್ಚು ಏನೂ ಇಲ್ಲ. ನನಗೆ ಇವತ್ತಿಗೂ ತುಂಬ ಇಷ್ಟದ ಪರೀಕ್ಷೆ ಅದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮಗುವಿಗೆ ಬೇಕಾದದ್ದು ವೀರ್ಯಾಣುವಿನ ತಲೆಯೊಳಗಿನ ಡಿಎನ್‌ಎ. ಆ ಎಳೆಗಳು ಅಲ್ಲಲ್ಲಿ ತುಂಡಾಗಿರಬಹುದು. ಜ್ವರ, ಹೊಗೆಸೊಪ್ಪು, ವೃಷಣದ ಉಬ್ಬಿದ ರಕ್ತನಾಳ, ವಯಸ್ಸು, ಸೋಂಕು ಎಲ್ಲವೂ ಅದಕ್ಕೆ ಕಾರಣವಾಗುತ್ತವೆ. ತುಂಡಾಗಿದೆಯೇ ಎಂದು ನೋಡುವ ಪರೀಕ್ಷೆಗಳಿವೆ, ಆದರೆ ಎಲ್ಲದರಲ್ಲೂ ವೀರ್ಯಾಣುವನ್ನು ಆಮ್ಲದಲ್ಲಿ ಅದ್ದಿಯೋ ಬಣ್ಣ ಹಚ್ಚಿಯೋ ಕೊಲ್ಲಬೇಕು. ಬಿತ್ತನೆಯ ತೆಂಗಿನಕಾಯಿ ಇದ್ದ ಹಾಗೆ. ಕುಲುಕಿ ನೋಡಬಹುದು, ತಟ್ಟಿ ಸದ್ದು ಕೇಳಬಹುದು, ತೂಕ ನೋಡಬಹುದು. ಒಳಗೆ ತಿರುಳು ಹೇಗಿದೆ ಎಂದು ಖಚಿತವಾಗಿ ತಿಳಿಯಲು ಒಡೆಯಲೇಬೇಕು, ಒಡೆದ ಮೇಲೆ ಅದು ಸಾಂಬಾರಿಗೆ, ಪಾತಿಗಲ್ಲ. ಲ್ಯಾಬಿನಿಂದ ಬರುವ 'ಡಿಎನ್‌ಎ ಫ್ರಾಗ್ಮೆಂಟೇಶನ್ ಶೇಕಡಾ ಇಷ್ಟು' ಎಂಬ ವರದಿ ಒಡೆದ ಕಾಯಿಗಳ ಲೆಕ್ಕ. ಚುಚ್ಚುವುದು ಒಡೆಯದೆ ಉಳಿದ ಒಂದನ್ನು. ಆಯ್ಕೆಯ ವಿಧಾನ ಎಷ್ಟೇ ಹೊಸದಿರಲಿ, ಅದು ಹೊರಗಿನ ಗುರುತಿನಿಂದ ಒಳಗನ್ನು ಊಹಿಸುವ ಕೆಲಸವೇ.

ಆ ಊಹೆಗಳೇನೂ ಪೆದ್ದು ಊಹೆಗಳಲ್ಲ. ಪಿಕ್ಸಿಯಲ್ಲಿ ತಟ್ಟೆಗೆ ಹಯಲುರೋನಿಕ್ ಆಮ್ಲದ ಚುಕ್ಕಿಗಳಿರುತ್ತವೆ. ಮಾಗಿದ ವೀರ್ಯಾಣುವಿನ ತಲೆ ಅದಕ್ಕೆ ಅಂಟಿಕೊಂಡು ಬಾಲ ಮಾತ್ರ ಬಡಿಯುತ್ತದೆ. ಮಾಗದ್ದು ಹಾಗೇ ಈಜಿ ಹೋಗುತ್ತದೆ. ಅಂಡಾಣುವಿನ ಸುತ್ತಲಿನ ಮೋಡವನ್ನು ತಟ್ಟೆಯ ಮೇಲೆ ಚುಕ್ಕಿಯಾಗಿ ಇಳಿಸಿದ ಹಾಗೆ. ಇಮ್ಸಿಯಲ್ಲಿ ಆರು ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗಿಸಿ ತಲೆಯಲ್ಲಿ ಗುಳ್ಳೆಗಳಂಥ ಕುಳಿಗಳಿವೆಯೇ ಎಂದು ಹುಡುಕುತ್ತಾರೆ. ಮ್ಯಾಕ್ಸ್‌ನಲ್ಲಿ, ಸಾಯುವ ಹಾದಿ ಹಿಡಿದ ವೀರ್ಯಾಣುವಿನ ಪೊರೆಯಲ್ಲಿ ಒಳಗಿರಬೇಕಾದ ಒಂದು ಕೊಬ್ಬು ಹೊರಗೆ ತಿರುಗಿರುತ್ತದೆ, ಅದಕ್ಕೆ ಅಂಟುವ ಸಣ್ಣ ಕಾಂತಕಣ ಹಚ್ಚಿ ಅಯಸ್ಕಾಂತದ ಕೊಳವೆಯಲ್ಲಿ ಹಿಡಿದಿಟ್ಟು ಉಳಿದವನ್ನು ಇಳಿಸಿಕೊಳ್ಳುತ್ತಾರೆ. ಮೈಕ್ರೋಫ್ಲುಯಿಡಿಕ್ ಚಿಪ್ಪಿನಲ್ಲಿ ಸೆಂಟ್ರಿಫ್ಯೂಜೇ ಇಲ್ಲ. ಸಣ್ಣ ರಂಧ್ರಗಳ ಪೊರೆಯ ಮೂಲಕ ಈಜಿ ಬಂದವನ್ನು ಮೇಲಿನ ಕೋಣೆಯಿಂದ ತೆಗೆದುಕೊಳ್ಳುವುದು. ಚಿಪ್ಪಿನಿಂದ ಬಂದ ವೀರ್ಯಾಣುಗಳಲ್ಲಿ ಡಿಎನ್‌ಎ ತುಂಡಾದವು ಕಡಿಮೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಸ್ಯಾಂಪಲ್ ಚೆನ್ನಾಗಿ ಕಂಡದ್ದಕ್ಕೂ ಮಗು ಮನೆಗೆ ಬಂದದ್ದಕ್ಕೂ ನಡುವೆ ಬಹಳ ದೂರವಿದೆ. ಪಿಕ್ಸಿಯ ವಿಷಯದಲ್ಲಿ ಆ ದೂರವನ್ನು ಅಳೆದರು. ಬ್ರಿಟನ್ನಿನ 16 ಕೇಂದ್ರಗಳಲ್ಲಿ 2,772 ದಂಪತಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಪಿಕ್ಸಿ ಮಾಡಿಸಿಕೊಂಡವರಲ್ಲಿ ಶೇಕಡಾ 27.4, ಸಾಮಾನ್ಯ ಇಕ್ಸಿಯವರಲ್ಲಿ ಶೇಕಡಾ 25.2 ಜನರಿಗೆ ತಿಂಗಳು ತುಂಬಿ ಜೀವಂತ ಮಗು. ಆಕಸ್ಮಿಕದಿಂದಲೂ ಬರಬಹುದಾದ ವ್ಯತ್ಯಾಸ ಅದು. ಗರ್ಭಪಾತ ಮಾತ್ರ ಕಡಿಮೆಯಿತ್ತು, ಶೇಕಡಾ 7ರ ಜಾಗದಲ್ಲಿ 4ರಷ್ಟು. ಹೆಂಡತಿಯ ವಯಸ್ಸು ಹೆಚ್ಚಿದ್ದಾಗ ಲಾಭ ಇರಬಹುದೆಂದು ಅದೇ ಪ್ರಯೋಗದ ನಂತರದ ವಿಶ್ಲೇಷಣೆ ಸೂಚಿಸಿತು. ಎಳೆಯ ಅಂಡಾಣು ಗಂಡಿನ ಡಿಎನ್‌ಎಯ ಮುರುಕನ್ನು ತಾನೇ ರಿಪೇರಿ ಮಾಡಬಲ್ಲದು, ವಯಸ್ಸಾದಂತೆ ಆ ಶಕ್ತಿ ತಗ್ಗುತ್ತದೆ. ಆದ್ದರಿಂದ ಆ ಸೂಚನೆ ತರ್ಕಕ್ಕೆ ಕೂರುತ್ತದೆ. ಇಮ್ಸಿಗೆ ಇಷ್ಟರ ಮಟ್ಟಿನ ಬೆಂಬಲವೂ ಸಿಕ್ಕಿಲ್ಲ. ಯುರೋಪಿನ ಸಂತಾನ ವೈದ್ಯರ ಸಂಘ 2023ರಲ್ಲಿ ಇಂಥ ಹೆಚ್ಚುವರಿ ಸೇವೆಗಳನ್ನೆಲ್ಲ ಪರಿಶೀಲಿಸಿ, ಎಲ್ಲರಿಗೂ ಮಾಮೂಲಾಗಿ ಮಾಡುವುದಕ್ಕೆ ಇವನ್ನು ಶಿಫಾರಸು ಮಾಡಲಿಲ್ಲ. ಇಕ್ಸಿಯ ವಿಷಯವೂ ಅಷ್ಟೆ. ಗಂಡಸಿನ ವೀರ್ಯ ಸರಿಯಿದ್ದ 1,064 ದಂಪತಿಗಳ ಮೇಲೆ ವಿಯೆಟ್ನಾಮಿನಲ್ಲಿ ನಡೆದ ಪ್ರಯೋಗದಲ್ಲಿ ಹಳೆಯ ಐವಿಎಫ್‌ಗಿಂತ ಇಕ್ಸಿ ಹೆಚ್ಚೇನೂ ಕೊಡಲಿಲ್ಲ. ಆದರೂ ಎಷ್ಟೋ ಕಡೆ ಈಗ ಎಲ್ಲರಿಗೂ ಇಕ್ಸಿಯೇ.

ಇಲ್ಲಿ ಒಬ್ಬರನ್ನು ನೆನೆಯಬೇಕು. ಭಾರತದ ಮೊದಲ ಪ್ರನಾಳ ಶಿಶು ಎಂದು ಬಹುಕಾಲ ದಾಖಲಾಗಿದ್ದದ್ದು 1986ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಗು. ಅದರ ಹಿಂದಿನ ವಿಜ್ಞಾನಿ ಟಿ.ಸಿ. ಆನಂದ ಕುಮಾರ್, ಮುಂದೆ ಬೆಂಗಳೂರಿನಲ್ಲಿ ನೆಲೆಸಿದವರು. ಕೊಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯರು 1978ರಲ್ಲೇ ಆ ಕೆಲಸ ಮಾಡಿದ್ದರು, ಸರ್ಕಾರಿ ಸಮಿತಿ ನಂಬದೆ ಅವಮಾನಿಸಿತು, ಅವರು 1981ರಲ್ಲಿ ಪ್ರಾಣ ಕಳೆದುಕೊಂಡರು. ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿದ ಆನಂದ ಕುಮಾರ್ 1997ರಲ್ಲಿ, ಮೊದಲಿಗ ನಾನಲ್ಲ, ಅವರು ಎಂದು ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲೇ ಬರೆದರು. ಪುರಾವೆ ನೋಡಿ ತನ್ನ ಪದಕ ಬಿಚ್ಚಿಡುವ ಮನುಷ್ಯರು ಈ ಕ್ಷೇತ್ರದಲ್ಲಿ ಇದ್ದರು. ಪುರಾವೆ ಬರುವ ಮೊದಲೇ ದರಪಟ್ಟಿ ಅಚ್ಚಾಗುವ ಕಾಲಕ್ಕೆ ಈ ಕಥೆ ಬೇಕಾಗುತ್ತದೆ.

ಮನುಷ್ಯರ ಲ್ಯಾಬನ್ನು ದನದ ವೀರ್ಯಕೇಂದ್ರದ ಪಕ್ಕಕ್ಕಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಮೂನ್ನಾರಿನ ಮಾಟುಪೆಟ್ಟಿಯಲ್ಲಿ 1963ರಲ್ಲಿ ಸ್ವಿಸ್ ನೆರವಿನ ಯೋಜನೆ ಆರಂಭವಾಗಿ, ಊರಿನ ಹಸುವಿಗೆ ಬ್ರೌನ್ ಸ್ವಿಸ್ ಹೋರಿಯ ಕಟ್ಟು ಸೇರಿ ಸುನಂದಿನಿ ತಳಿ ಬಂತು. ಇವತ್ತು ಆ ಕೆಲಸ ತಿರುವನಂತಪುರದಲ್ಲಿ ಕಚೇರಿಯಿರುವ ಕೇರಳ ಜಾನುವಾರು ಅಭಿವೃದ್ಧಿ ಮಂಡಳಿಯದು. ಅಲ್ಲಿ ಆರಿಸುವುದು ಹೋರಿಯನ್ನು. ಅದರ ಹೆಣ್ಣುಕರುಗಳು ಬೆಳೆದು ಎಷ್ಟು ಹಾಲು ಕರೆದವು ಎಂಬ ಲೆಕ್ಕ ಬಂದ ಮೇಲೆ ಹೋರಿಯ ಬೆಲೆ ತಿಳಿಯುತ್ತದೆ. ನಮ್ಮಲ್ಲಿ ತಂದೆ ಯಾರೆಂಬುದು ಮೊದಲೇ ನಿಶ್ಚಯ, ಅವನ ಕೋಟಿಗಳಲ್ಲಿ ಒಂದನ್ನು ಹುಡುಕಬೇಕು. ದನಗಳಲ್ಲಿ ಹೆಣ್ಣುಕರುವೇ ಆಗುವಂತೆ ವೀರ್ಯಾಣು ಬೇರ್ಪಡಿಸುವ ಯಂತ್ರವೂ ಇದೆ, ಅಂಥ ವೀರ್ಯ ತುಂಬಿದ ಕಡ್ಡಿಗಳು ಕರ್ನಾಟಕದ ಹಳ್ಳಿಗಳಿಗೂ ಬರುತ್ತಿವೆ. ಮನುಷ್ಯರಲ್ಲಿ ಅದೇ ಕೆಲಸ ಅಪರಾಧ. ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಗೆ 2003ರಲ್ಲಿ ತಿದ್ದುಪಡಿ ತಂದಾಗ ಗರ್ಭ ನಿಲ್ಲುವ ಮೊದಲಿನ ಆಯ್ಕೆಯನ್ನೂ ಸೇರಿಸಿದರು. 'ಆಯ್ಕೆ' ಎಂಬ ಮಾತು ಕೇಳಿ ಗಂಡುಮಗುವಿನ ಬಗ್ಗೆ ಗುಟ್ಟಾಗಿ ವಿಚಾರಿಸುವವರು ಈಗಲೂ ಇದ್ದಾರೆ, ಅದಕ್ಕೆ ಹೇಳಿದೆ.

ಪರೀಕ್ಷೆಯ ಸರದಿ ಇನ್ನೊಂದು ಸಂಕಟ. ಬಂಜೆತನದ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಗಂಡಸಿನ ಪಾಲೂ ಇರುತ್ತದೆ. ಆದರೂ ಹೆಂಡತಿಯ ಸ್ಕ್ಯಾನ್, ಹಾರ್ಮೋನು, ಲ್ಯಾಪರೊಸ್ಕೋಪಿ ಎಲ್ಲ ಮುಗಿದು, ಗುರುವಾಯೂರು, ಕುಕ್ಕೆ ಹರಕೆಯೂ ತೀರಿದ ಮೇಲೆ ಗಂಡ ಡಬ್ಬಿ ಹಿಡಿಯುತ್ತಾನೆ. ಅವನ ಪರೀಕ್ಷೆಯೋ ಎಲ್ಲಕ್ಕಿಂತ ಅಗ್ಗದ್ದು, ನೋವಿಲ್ಲದ್ದು. ಕೇರಳದ ಮರುಮಕ್ಕತ್ತಾಯ, ನಮ್ಮ ತುಳುನಾಡಿನ ಅಳಿಯಕಟ್ಟು ಎರಡರಲ್ಲೂ ವಂಶ ನಡೆದದ್ದು ಹೆಣ್ಣಿನಿಂದ. ಅಂಥ ನೆಲದಲ್ಲೂ ಮಕ್ಕಳಾಗದ ಭಾರ ಹೆಣ್ಣಿನ ತಲೆಗೇ ಬಿತ್ತೆಂಬುದು ನನಗೆ ಸೋಜಿಗ. ವೃಷಣದ ರಕ್ತನಾಳ ಉಬ್ಬಿದ್ದು ಬಂಜೆತನವಿರುವ ಗಂಡಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಕಾಣುತ್ತದೆ. ಅನುಭವವಿರುವ ವೈದ್ಯರ ಬೆರಳಿಗೆ ಅದು ಸಿಗುತ್ತದೆ, ಯಂತ್ರ ಬೇಡ. ಎಷ್ಟೋ ಗಂಡಸರನ್ನು ಯಾರೂ ಮುಟ್ಟಿ ಪರೀಕ್ಷಿಸದೆಯೇ ಚಿಪ್ಪಿನ ಸಾಲಿಗೆ ಸಹಿ ಹಾಕಿಸಿದ್ದನ್ನು ಕಂಡಿದ್ದೇನೆ. ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಮತ್ತೆ ಒಂದೆರಡು ವಾರ. ಇವತ್ತಿನ ರಿಪೋರ್ಟು ಹೇಳುವುದು ಮೂರು ತಿಂಗಳ ಹಿಂದಿನ ಡೆಂಗ್ಯೂ ಜ್ವರದ ಕಥೆಯೂ ಇರಬಹುದು. ಇನ್ನು ವೈ ವರ್ಣತಂತುವಿನಲ್ಲೇ ತುಂಡು ಕಳೆದುಹೋಗಿದ್ದರೆ ಯಾವ ಆಯ್ಕೆಯೂ ಅದನ್ನು ತಪ್ಪಿಸಲಾರದು. ಗಂಡುಮಗುವಾದರೆ ಅವನಿಗೂ ಅದೇ ಬರುತ್ತದೆ. ಅದನ್ನು ಮೊದಲೇ ಹೇಳಬೇಕು.

ಲ್ಯಾಬಿಗೆ ಬರುವ ಮೊದಲೇ ಆಗಿಹೋಗುವುದರ ಬಗ್ಗೆ ಆಲುವದಲ್ಲಿ ನಿಂತು ಮಾತಾಡದೆ ಇರಲಾರೆ. ಪೆರಿಯಾರಿನ ಇಳಿದಾರಿಯಲ್ಲಿ ಇಲ್ಲಿಗೆ ಹತ್ತಿರದಲ್ಲೇ ಏಲೂರು, ಉದ್ಯೋಗಮಂಡಲ. ಅಲ್ಲಿನ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕಾರ್ಖಾನೆ ಡಿಡಿಟಿ, ಎಂಡೋಸಲ್ಫಾನ್ ತಯಾರಿಸುತ್ತಿತ್ತು. ಇತ್ತ ಕಾಸರಗೋಡಿನ ಪಡ್ರೆ, ಎಣ್ಮಕಜೆಯ ಗೇರುತೋಟಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ವಾಣಿನಗರದ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲಾದವರ ಕೂಗಿನ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಪಡ್ರೆಯ 117 ಶಾಲಾಹುಡುಗರನ್ನೂ ಸಿಂಪಡಣೆಯಿಲ್ಲದ ಊರಿನ 90 ಹುಡುಗರನ್ನೂ ಹೋಲಿಸಿ 2003ರಲ್ಲಿ ಪ್ರಕಟಿಸಿದರು: ಪಡ್ರೆಯ ಹುಡುಗರ ರಕ್ತದಲ್ಲಿ ವಿಷ ಹೆಚ್ಚು, ಎಂಡೋಸಲ್ಫಾನ್ ಗಂಡುಮಕ್ಕಳ ಪ್ರಾಯವನ್ನು ತಡಮಾಡಬಹುದು, ಲೈಂಗಿಕ ಹಾರ್ಮೋನಿನ ತಯಾರಿಗೆ ಅಡ್ಡಿಯಾಗಬಹುದು. ವೀರ್ಯ ಪರೀಕ್ಷೆ ಆ ಅಧ್ಯಯನದ ಭಾಗವಾಗಿರಲಿಲ್ಲ, ಇರಲೂ ಸಾಧ್ಯವಿರಲಿಲ್ಲ, ಅವರಲ್ಲಿ ಅನೇಕರು ಎಳೆಯರು. ಹಾಗಾಗಿ ಅವರ ವೀರ್ಯಾಣುವಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆ ಹುಡುಗರು ಈಗ ಮದುವೆಯಾಗಿ ಮಕ್ಕಳಿಗಾಗಿ ಆಸ್ಪತ್ರೆ ಹತ್ತುವ ವಯಸ್ಸಿನವರು ಎಂದಷ್ಟೇ ಹೇಳುತ್ತೇನೆ. ಅವರು ಬಂದಾಗ ಎಲ್ಲಿ ಬೆಳೆದಿರಿ, ಏನು ಕೆಲಸ ಮಾಡಿದಿರಿ ಎಂದು ಕೇಳುವ ಒಂದು ಸಾಲು ನಮೂನೆಯಲ್ಲಿ ಇರಬೇಕು. ನಾನು ನೋಡಿದ ನಮೂನೆಗಳಲ್ಲಿ ಬೀಡಿ, ಸಾರಾಯಿ ಇವೆ, ತೋಟವಿಲ್ಲ.

ಕಾನೂನಿನ ಮಾತು ಚುಟುಕಾಗಿ. ಸಂತಾನ ಸಹಾಯ ತಂತ್ರಜ್ಞಾನದ 2021ರ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಕ್ಲಿನಿಕ್ಕಿಗೆ ನೋಂದಣಿ ಬೇಕು, ಹೆಂಡತಿಗೆ 50, ಗಂಡನಿಗೆ 55 ವಯಸ್ಸಿನ ಮಿತಿ, ಒಬ್ಬ ದಾನಿಯ ವೀರ್ಯ ಒಂದೇ ದಂಪತಿಗೆ. ಮಿತಿ ದಾಟಿದ ದಂಪತಿಗಳು ಎರ್ನಾಕುಳಂನ ಹೈಕೋರ್ಟಿಗೆ ಹೋದಾಗ, ಕಾಯ್ದೆ ಬಂದ ದಿನ ಚಿಕಿತ್ಸೆಯಲ್ಲಿದ್ದವರಿಗೆ ಮುಂದುವರಿಸಲು ನ್ಯಾಯಾಲಯ ಅವಕಾಶ ಕೊಟ್ಟಿತು. 2024ರಲ್ಲಿ, ಪ್ರಜ್ಞೆಯಿಲ್ಲದೆ ಮಲಗಿದ ಗಂಡನ ವೀರ್ಯಾಣು ತೆಗೆದು ಕಾದಿಡಲು ಹೆಂಡತಿ ಕೇಳಿದಾಗ, ಅವನ ಲಿಖಿತ ಒಪ್ಪಿಗೆ ಇಲ್ಲದಿದ್ದರೂ ತೆಗೆದಿಡಿ ಎಂದು ಅದೇ ಕೋರ್ಟು ಮಧ್ಯಂತರ ಆದೇಶ ಮಾಡಿತು. ಅಂಥ ಅಪರೂಪದ ಸಂದರ್ಭ ಬಿಟ್ಟರೆ, ತಿಳಿದು ಕೊಟ್ಟ ಲಿಖಿತ ಒಪ್ಪಿಗೆಯಿಲ್ಲದೆ ಏನೂ ಮಾಡುವಂತಿಲ್ಲ.

ಹಾಗಾದರೆ ಅಂದಾಜುಪಟ್ಟಿಯ ಆ ಕೆಳಗಿನ ಸಾಲುಗಳಿಗೆ ಸಹಿ ಹಾಕಬೇಕೋ ಬೇಡವೋ? ಮತ್ತೆ ಮತ್ತೆ ಗರ್ಭ ಇಳಿದಿದ್ದರೆ, ಡಿಎನ್‌ಎ ಮುರುಕು ತುಂಬ ಹೆಚ್ಚೆಂದು ಎರಡು ಸಲ ಕಂಡಿದ್ದರೆ, ಹೆಂಡತಿಯ ವಯಸ್ಸು ಮೂವತ್ತೈದು ದಾಟಿದ್ದರೆ ಪಿಕ್ಸಿ ಅಥವಾ ಚಿಪ್ಪನ್ನು ವೈದ್ಯರೊಂದಿಗೆ ಚರ್ಚಿಸಿ ಒಪ್ಪಿಕೊಳ್ಳಬಹುದು. ಚಿಕಿತ್ಸೆಯ ಮೊದಲನೇ ಸೈಕಲ್ಲಿಗೇ, ಸಾಧಾರಣ ರಿಪೋರ್ಟಿಗೇ ಹೇಳಿದರೆ, ನಿಮ್ಮ ಕೇಂದ್ರದಲ್ಲಿ ಇದನ್ನು ಮಾಡಿಸಿದವರಲ್ಲಿ, ಮಾಡಿಸದವರಲ್ಲಿ ನೂರಕ್ಕೆ ಎಷ್ಟು ಜನ ಮಗು ಎತ್ತಿಕೊಂಡು ಮನೆಗೆ ಹೋದರು ಎಂದು ಕೇಳಿ. ಪಾಸಿಟಿವ್ ಬಂದವರ ಲೆಕ್ಕ ಬೇಡ, ಹೆರಿಗೆಯಾದವರದ್ದು ಬೇಕು. ಆ ಹಣ ಎರಡನೇ ಸೈಕಲ್ಲಿಗೆ ಉಳಿದರೆ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಕೊನೆಗೆ ಒಂದು ಬೇಡಿಕೆ. ಖಾಸಗಿಗೆ ಹಣ ತೆರಲಾಗದ ಕಾಸರಗೋಡಿನವರು ತಿರುವನಂತಪುರದ ಎಸ್‌ಎಟಿ ಆಸ್ಪತ್ರೆಯವರೆಗೂ ಹೋಗುವುದುಂಟು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಸಂತಾನ ಚಿಕಿತ್ಸೆಯ ಒಪ್ಪಿಗೆ ಪತ್ರವೂ ಆ ವ್ಯವಹಾರದಲ್ಲಿ ಸೇರಬೇಕು. ಯಾವ ವಿಧಾನ, ಯಾಕೆ, ಎಷ್ಟು ಹಣ, ಪುರಾವೆ ಎಷ್ಟು ಎಂಬ ನಾಲ್ಕು ಅಂಶಗಳ ಕನ್ನಡ ಕರಡನ್ನು ನಾನು ಬರೆದು ತಂದಿದ್ದೇನೆ, ಎರಡು ಪುಟ. ಸಭೆ ಮುಗಿದ ಮೇಲೆ ಸಂಘಟಕರ ಮೇಜಿನ ಮೇಲೆ ಇರುತ್ತದೆ. ಮಲಯಾಳಂ ಚೆನ್ನಾಗಿ ಬಲ್ಲವರು ಒಬ್ಬಿಬ್ಬರು ಕೂತು ಸರಿನೋಡಿ ಕೊಟ್ಟರೆ ಎರಡೂ ಭಾಷೆಯ ಪ್ರತಿಗಳನ್ನು ಆರೋಗ್ಯ ಇಲಾಖೆಗೆ ಒಟ್ಟಿಗೆ ಕಳಿಸೋಣ.